ಮಾಳಿಗೆಯ ಮೇಲಿನ ಕೂಗು

"ತಲಿ ಅಳ್ಳಾಡಿಸಬ್ಯಾಡ್ರಿ ಅಜ್ಜಿ, ಧಾರಾವಾಹಿ ಕುಣೀತದ," ಎಂದು ಟೀವಿ ಕೇಂದ್ರದ ರುಕ್ಸಾನಾ ನೀಲಗಂಗವ್ವನ ಹಣೆಗೆ ಅಂಟಿಸಿದ ತಂತಿಯನ್ನು ಒತ್ತಿದಳು. ಯುದ್ಧದಲ್ಲಿ ಟೀವಿಯ ಹಳೆಯ ಟೇಪುಗಳೆಲ್ಲ ಸುಟ್ಟುಹೋದ ಮೇಲೆ, ನೋಡಿದವರ ನೆನಪಿನಿಂದಲೇ ಹಳೆಯ ಧಾರಾವಾಹಿಗಳನ್ನು ಇಳಿಸಿಕೊಳ್ಳುತ್ತಿದ್ದರು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದಷ್ಟೇ ಮಾಮೂಲಿ ಕೆಲಸ.

ಪರದೆಯ ಮೇಲೆ ಕೊನೆಯ ಕಂತು ಮೂಡಿತು. ಮದುಮಗಳು ಇನ್ನೇನು ಬಾಯಿ ತೆರೆಯಬೇಕು, ಚಿತ್ರಕ್ಕೆ ಇರುವೆ ಮುತ್ತಿದಂತಾಗಿ ಗಂಡಸಿನ ಕೂಗು ಕೇಳಿತು: "ಏ, ಈಗರ ಬಂತೇನ?"

"ಬಂತು! ಅಲ್ಲೇ ಹಿಡಕೊಂಡು ನಿಂದರ್ರಿ!" ಹರೆಯದ ನೀಲಗಂಗವ್ವನ ದನಿ.

"ಯಾರ್ರೀ ಅವ್ರು?" ರುಕ್ಸಾನಾ ಕೇಳಿದಳು.

"ನಮ್ಮ ಮನಿಯವ್ರು. ಮಾಳಿಗಿ ಮ್ಯಾಲ ಆ್ಯಂಟೆನಾ ತಿರುವತಿದ್ರು. ಪಾಪ, ಒಂದು ಕಂತೂ ಪೂರ್ತಿ ನೋಡಲಿಲ್ಲ." ಅವರು ತೀರಿ ಇಪ್ಪತ್ತು ವರ್ಷವಾಗಿತ್ತು. ಆ ದನಿ ಬೇರೆಲ್ಲೂ ಉಳಿದಿರಲಿಲ್ಲ.

"ಈ ಕಂತು ಇನ್ಯಾರ ತಲ್ಯಾಗೂ ಇಲ್ರಿ ಅಜ್ಜಿ. ಆ ಕೂಗು ಒರೆಸಾಕ ನೀವು ಒಪ್ಪಿದ್ರ ನಿಮ್ಮ ಹೆಸರು ಹಾಕಿ ನಾಡಿಗೆಲ್ಲ ತೋರಸ್ತಾರ. ಆದ್ರ ಇಲ್ಲಿ ಒರೆಸಿದ್ದು ನಿಮ್ಮ ತಲ್ಯಾಗಿಂದನೂ ಹೋಗ್ತದ."

ನೀಲಗಂಗವ್ವ ತಂತಿಯನ್ನು ತಾನೇ ಕಿತ್ತು ಅವಳ ಕೈಗಿಟ್ಟಳು.

"ಮಂದಿ ನೋಡಿದ್ರ ನಮ್ಮ ಮನಿಯವ್ರ ಕೂಗಿನ ಕೂಡ ನೋಡ್ಲಿ, ಇಲ್ಲಂದ್ರ ಬಿಡ್ಲಿ. ನಾ ಒಲ್ಲೆ."