ಆರಿದ ಚಹಾ

ಪಿಂಗಾಣಿ ಕಪ್ಪಿನ ಹಿಡಿ ಕಳಚಿ ಸೊಸೆಯ ಕೈಗೇ ಬಂತು. ಕಲೆ ಹೋಗಲೆಂದು ಕುದಿಯುವ ನೀರು ಹೊಯ್ದಿದ್ದಳು, ಅಷ್ಟೇ. ಮಾವನ ಅಮ್ಮನ ಕಾಲದ ಕಪ್ಪು ಅದು. ಮದುವೆಯಾದ ವಾರದಲ್ಲೇ ಗಂಡ ಎಚ್ಚರಿಸಿದ್ದ: "ನನ್ನ ಕೈ ಮುರಿದ್ರೂ ಅಪ್ಪ ಸುಮ್ಮನಿರ್ತಾರೆ, ಆ ಕಪ್ ಮುರಿದ್ರೆ ಇರಲ್ಲ."

ಹೊರಕೋಣೆಯಲ್ಲಿ ಮಾವನ ಹೊಲಿಗೆ ಯಂತ್ರ ಓಡುತ್ತಿತ್ತು. ಅದು ನಿಂತರೆ ಚಹಾ ಕೇಳುತ್ತಾರೆ. ಅಂಟಿನ ಟ್ಯೂಬು ಒಣಗಿ ಕಲ್ಲಾಗಿತ್ತು. ಅವಳು ಹಿತ್ತಲಿನ ಹಲಸಿನ ಮರದತ್ತ ಓಡಿದಳು. ಅದರ ಹಣ್ಣು ಬಾಯಿಗೆ, ಬೀಜ ಕೆಂಡಕ್ಕೆ, ಎಲೆ ಪಕ್ಕದ ಮನೆಯ ಮೇಕೆಗೆ, ಬಿದ್ದ ಕೊಂಬೆ ಮಾವ ಕೂರುವ ಸ್ಟೂಲಿಗೆ. ಯಾರಿಗೂ ಬೇಡವಾದದ್ದು ಮೇಣ ಒಂದೇ. ಎಳೆಗಾಯಿಯ ತೊಟ್ಟು ಕೊಯ್ದು ಚಮಚದಲ್ಲಿ ಮೇಣ ಹಿಡಿದಳು, ಒಲೆಯ ಮೇಲೆ ಕಾಸಿದಳು. ಮುರಿದ ಜಾಗದಲ್ಲಿದ್ದ ಕಂದು ಜಿಡ್ಡನ್ನು ಚಹಾದ ಕೊಳೆ ಎಂದುಕೊಂಡು ಪಿನ್ನಿನಿಂದ ಕೆರೆದು, ಹಿಡಿ ಅಂಟಿಸಿದಳು.

ಬಿಸಿ ತಾಗಿದರೆ ಮೇಣ ಮತ್ತೆ ಕರಗುತ್ತದೆ. ಪುಣ್ಯಕ್ಕೆ ಮಾವ ಬಿಸಿ ಚಹಾ ಕುಡಿಯುವವರೇ ಅಲ್ಲ. "ಅಪ್ಪನ ಚಹಾದಲ್ಲಿ ಮೀನು ಸಾಕಬಹುದು" ಎಂದು ಗಂಡ ನಗುತ್ತಿದ್ದ. ಪಾತ್ರೆಯಲ್ಲೇ ಆರಿಸಿ, ಕಪ್ಪಿಗೆ ಸುರಿದು ತಂದಳು.

ಮಾವ ಕಪ್ಪನ್ನು ನೋಡಲಿಲ್ಲ, ಅವಳ ಬೆರಳು ನೋಡಿದರು.

"ಮೇಣ ನೀರಿಗೆ ಹೋಗಲ್ಲಮ್ಮ. ಎಣ್ಣೆ ಹಚ್ಚು." ಯಂತ್ರದ ಎಣ್ಣೆಡಬ್ಬಿಯನ್ನು ಅವಳತ್ತ ತಳ್ಳಿದರು.

"ಬೇಕಂತ ಮುರೀಲಿಲ್ಲ ಮಾವ. ಬಿಸಿನೀರು ಹಾಕಿದೆ, ಹಿಡಿ ಹಾಗೇ..."

"ಬಿಸಿನೀರಾ? ಹಾಗಾದ್ರೆ ಮುರಿದವಳು ನೀನಲ್ಲ ಬಿಡು. ನಿಮ್ಮತ್ತೆ."

ಅತ್ತೆ ತೀರಿಕೊಂಡು ವರ್ಷವಾಗಿತ್ತು.

"ನಿನ್ನ ಹಾಗೇ ಹೊಸದಾಗಿ ಬಂದಿದ್ಲು. ಕೈತಪ್ಪಿ ಮುರಿದು, ನಮ್ಮಮ್ಮನಿಗೆ ಹೆದರಿ, ಇದೇ ಮರದ ಮೇಣ ಮೆತ್ತಿದ್ಲು. ನಂಗೂ ಹೇಳ್ಲಿಲ್ಲ. ಚಹಾ ಕೊಡೋವಾಗ ಅವಳ ಬೆರಳಲ್ಲಿ ಮೇಣ ಅಂಟಿರೋದು ನೋಡಿ ನಾನೇ 'ಆರಲಿ, ಇಡು' ಅಂದೆ. ಅವತ್ತಿಂದ ಅದೇ ರೂಢಿ ಆಗೋಯ್ತು."

"ನಿಮಗೆ ಗೊತ್ತು ಅಂತ ಅತ್ತೆಗೆ ಗೊತ್ತಿತ್ತಾ?"

"ಎಲ್ಲಿ! 'ತಣ್ಣನೆ ಚಹಾ ಯಾವ ಮನುಷ್ಯ ಕುಡೀತಾನೆ' ಅಂತ ಕೊನೇವರೆಗೂ ನನ್ನ ಬೈಕೊಂಡು ನೆಮ್ಮದಿಯಾಗಿದ್ಲು."

ಸೊಸೆ ಒಳಗೆ ಹೋಗಿ ಸ್ಟೀಲ್ ಲೋಟದಲ್ಲಿ ಹಬೆಯಾಡುವ ಚಹಾ ತಂದಳು. "ಇದನ್ನ ಕುಡೀರಿ ಮಾವ. ಈಗ ಹೆದರೋರು ಯಾರೂ ಇಲ್ಲ."

ಮಾವ ಲೋಟದ ಮೇಲೆ ಬಾಗಿ ಹಬೆಯನ್ನು ಒಮ್ಮೆ ಎಳೆದುಕೊಂಡರು. ಆಮೇಲೆ ಅದನ್ನು ಕಿಟಕಿಯ ಗಾಳಿಗೆ ಇಟ್ಟು, ಯಂತ್ರ ತುಳಿಯತೊಡಗಿದರು.

"ಆರಲಿ," ಎಂದರು.