ಆವಿಗೆಯ ಕೊನೆಯ ಬೆಂಕಿ

ಕೊರಿಯಾದ ಒಂದು ಹಳ್ಳಿ. ಅಲ್ಲಿನ ಕುಂಬಾರರು ಮಡಕೆ ಸುಡುತ್ತಿದ್ದ ಹಳೆಯ ಆವಿಗೆ ಎಷ್ಟು ಕಾಲದ್ದೆಂದು ಪತ್ತೆಹಚ್ಚಲು ಬಂದಿದ್ದ ವಿಜ್ಞಾನಿ ಮಿಗ್ಯೊಂಗ್‌ಗೆ ಪಕ್ಕದ ಮನೆಯ ಮುದುಕಿ ದಿನವೂ ಗಂಟುಬೀಳುತ್ತಿದ್ದಳು.

"ಇದಕ್ಕೆ ಕೊನೇ ಸಲ ಬೆಂಕಿ ಹಾಕಿದ್ದು ಯಾವಾಗ? ಅಷ್ಟು ಹೇಳು ಮಗಳೇ."

"ಒಳಗೆ ಸಿಕ್ಕ ಇದ್ದಿಲಿನ ವಯಸ್ಸು ಹೇಳೋ ಈ ಪರೀಕ್ಷೆಗೆ ತೀರಾ ಈಚಿನದು ಸಿಗೋಲ್ಲ ಅಜ್ಜಿ. ನಮ್ಮ ಲೆಕ್ಕದಲ್ಲಿ 'ಇವತ್ತು' ಅಂದ್ರೆ ಸಾವಿರದ ಒಂಬೈನೂರ ಐವತ್ತನೇ ಇಸವಿ. ಅಲ್ಲಿಂದ ಹಿಂದಕ್ಕಷ್ಟೇ ಎಣಿಸ್ತೀವಿ."

ಮುದುಕಿ ಬೈಯುತ್ತಾಳೆಂದುಕೊಂಡಳು ಮಿಗ್ಯೊಂಗ್. ಆಕೆ ಬೈಯಲಿಲ್ಲ, ಆವಿಗೆಯ ಮಸಿಹಿಡಿದ ಬಾಯಿಯ ಮೇಲೆ ಕೈಯಾಡಿಸಿದಳು.

"ಆ ವರ್ಷವೇ, ಇಲ್ಲಿ ಮಡಕೆ ಸುಡ್ತಿದ್ದ ನನ್ನ ಗಂಡನ್ನ ಯುದ್ಧಕ್ಕೆ ಎಳಕೊಂಡು ಹೋದ್ರು. ಮಕ್ಕಳನ್ನ ಕಟ್ಟಿಕೊಂಡು ನಾನೂ ಊರು ಬಿಟ್ಟೆ. ಯಜಮಾನ್ರು ತಿರುಗಿ ಬಂದು, ನಾವಿಲ್ಲದ್ದು ನೋಡಿ, ಒಂದು ಸಲವಾದ್ರೂ ಆವಿಗೆ ಹಚ್ಚಿದ್ರಾ ಅಂತ ತಿಳೀಬೇಕಿತ್ತು."