ರಟ್ಟಿನ ತುಂಡು

ಲಾವಣ್ಯ ಬೀಸಿದ ಸ್ಪ್ಯಾನರ್ ಅಪ್ಪ ಗಂಗುಲಪ್ಪನ ಬಲಗೈ ಗೆಣ್ಣಿಗೆ ಬಡಿದು ರಕ್ತ ಚಿಮ್ಮಿತು. ಚಿಂತಾಮಣಿಯ ತನ್ನ ರಿಪೇರಿ ಶೆಡ್ಡಿನಲ್ಲಿ ಅವನು, ಇಂಜಿನ್ ಓಡುತ್ತಿರುವಾಗಲೇ, ಟಿಪ್ಪರಿನ ಹೈಡ್ರಾಲಿಕ್ ಪೈಪು ಎಲ್ಲಿ ಸೋರುತ್ತಿದೆಯೆಂದು ಬೆರಳಿನಿಂದ ಸವರಲು ಹೊರಟಿದ್ದ.

"ಅಪ್ಪನ್ನೇ ಹೊಡೀತೀಯೇನೇ?" ಅವನು ಅವಳ ಕೆನ್ನೆಗೆ ಬಾರಿಸಿದ.

ಅವಳು ರಟ್ಟಿನ ತುಂಡೊಂದನ್ನು ಪೈಪಿಗೆ ಅಡ್ಡ ಹಿಡಿದಳು. ಕಣ್ಣಿಗೆ ಕಾಣದ ಹಾವಿನಂತೆ ಎಣ್ಣೆ ಬುಸುಗುಟ್ಟುತ್ತಾ ರಟ್ಟನ್ನು ಸೀಳಿಕೊಂಡು ಹೊರಬಂತು.

"ಇಷ್ಟು ಪ್ರೆಶರ್‌ನಲ್ಲಿ ಎಣ್ಣೆ ಚರ್ಮದೊಳಕ್ಕೆ ನುಗ್ಗಿದ್ರೆ ಕೈನೇ ಕತ್ತರಿಸ್ಬೇಕಾಗ್ತಿತ್ತು ಕಣಪ್ಪ."

ಗಂಗುಲಪ್ಪ ಇಂಜಿನ್ ಆಫ್ ಮಾಡಿದ. 'ಹುಡುಗೀರ್ಗೆ ಯಾಕೆ ಈ ಗ್ರೀಸ್ ಕೆಲಸ' ಎಂದು ವಾರದಿಂದ ಸಹಿ ಹಾಕದೆ ಜೇಬಿನಲ್ಲಿಟ್ಟಿದ್ದ ಅವಳ ಮೆಕ್ಯಾನಿಕಲ್ ಡಿಪ್ಲೊಮಾ ಅರ್ಜಿಯನ್ನು ಹೊರತೆಗೆದ. ಊದಿದ ಬೆರಳುಗಳಲ್ಲಿ ಪೆನ್ನು ನಿಲ್ಲಲಿಲ್ಲ.

"ಎಡಗೈಲಿ ಸೈನ್ ಹಾಕಿದ್ರೆ ಕಾಲೇಜ್ನೋರು ಒಪ್ತಾರೇನಮ್ಮ?"